ಬಿ.ಎಚ್. ರಸ್ತೆಯ ಪಾಸ್‌ಬುಕ್ಕುಗಳು

ಶಿವಮೊಗ್ಗದ ಕೋಟೆ ಬಿಟ್ಟು ಭದ್ರಾವತಿ ಕಡೆ ಹೊರಟರೆ ದಾರಿಯಲ್ಲಿ ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಸಿಗುತ್ತವೆ. ಬಸ್ಸಲ್ಲಿ ಕೂತವರಿಗೆ ಇವು ಬರೀ ಸ್ಟಾಪುಗಳು. ಇಂಥ ರಸ್ತೆಬದಿ ಹಳ್ಳಿಯವರು ದುಡ್ಡು ಎಲ್ಲಿಡುತ್ತಿದ್ದರು, ಸಾಲ ಎಲ್ಲಿಂದ ತರುತ್ತಿದ್ದರು ಅಂತ ಕೇಳುತ್ತಾ ಹೋದರೆ ನೂರು ವರ್ಷದ ಕತೆಯೇ ಬಿಚ್ಚಿಕೊಳ್ಳುತ್ತೆ.

1913ರಲ್ಲಿ ಮೈಸೂರು ಬ್ಯಾಂಕ್ ಶುರುವಾದಾಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆಯೂ ಅವರದೇ ಕನಸು. ಆದರೆ ಆಗಿನ ಬ್ಯಾಂಕುಗಳ ಕಣ್ಣೆಲ್ಲ ಪೇಟೆ ಮತ್ತು ಕೈಗಾರಿಕೆ ಮೇಲೆ. ಬಿತ್ತನೆಗೆ ಐವತ್ತು ರೂಪಾಯಿ ಬೇಕಾದ ರೈತನಿಗೆ ಸಾಹುಕಾರನೇ ಗತಿ. ದೇಶದಲ್ಲಿ 1882ರಿಂದ ಇದ್ದ ಅಂಚೆ ಉಳಿತಾಯ ಬ್ಯಾಂಕು ದುಡ್ಡು ಇಟ್ಟುಕೊಳ್ಳುತ್ತಿತ್ತು, ಬೆಳೆಸಾಲ ಕೊಡುತ್ತಿರಲಿಲ್ಲ. ಸಾಲಕ್ಕೆ ಹುಟ್ಟಿದ್ದು ಸಹಕಾರ ಸಂಘ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಮೊದಲ ಕೃಷಿ ಪತ್ತಿನ ಸಂಘ ಬಂತು. ಅದೇ ವರ್ಷ ಮೈಸೂರು ಸಂಸ್ಥಾನವೂ ಸಹಕಾರ ಕಾಯ್ದೆ ಮಾಡಿತು.

ಬ್ಯಾಂಕೇ ಮನೆ ಬಾಗಿಲಿಗೆ ಬರಬಹುದು ಅಂತ ತೋರಿಸಿದ್ದು ಉಡುಪಿ. 1925ರಲ್ಲಿ ಅಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದ!

ಸಾಲ ಕೊಡುವ ಬ್ಯಾಂಕು ಹಳ್ಳಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1969ರಲ್ಲಿ 14 ಬ್ಯಾಂಕು ರಾಷ್ಟ್ರೀಕರಣವಾದ ಮೇಲೆ. 1977ರಲ್ಲಿ ರಿಸರ್ವ್ ಬ್ಯಾಂಕು ಒಂದು ನಿಯಮ ಮಾಡಿತು: ಶಾಖೆ ಇರುವ ಊರಲ್ಲಿ ಇನ್ನೊಂದು ತೆರೆಯಬೇಕಾದರೆ, ಬ್ಯಾಂಕೇ ಇಲ್ಲದ ನಾಲ್ಕು ಊರಲ್ಲಿ ಶಾಖೆ ತೆರೆಯಬೇಕು. 1975ರಿಂದ ಗ್ರಾಮೀಣ ಬ್ಯಾಂಕುಗಳೂ ಬಂದವು. ನಮ್ಮ ಕಡೆಯದು ಸಹ್ಯಾದ್ರಿ ಗ್ರಾಮೀಣ ಬ್ಯಾಂಕು.

ಈಗ ಆ ಹೆಸರು ಹುಡುಕಿದರೆ ಸಿಗಲ್ಲ. 2005ರಲ್ಲಿ ಅದು ಪ್ರಗತಿ ಆಯಿತು, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ. 2025ರಲ್ಲಿ ಧಾರವಾಡದ ವಿಕಾಸ ಗ್ರಾಮೀಣವೂ ಅದರ ಜೊತೆ ಸೇರಿತು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ. ಖಾತೆದಾರ ಕೂತಲ್ಲೇ ಕೂತಿದ್ದ, ಬೋರ್ಡು ಮಾತ್ರ ಬದಲಾಗುತ್ತಾ ಹೋಯಿತು.

ಬೋರ್ಡು ಬದಲಾದದ್ದಕ್ಕೆ ನನ್ನ ತಕರಾರಿಲ್ಲ. 2006ರಿಂದ ಬ್ಯಾಂಕ್ ಮಿತ್ರರಿಗೆ ಅವಕಾಶ ಸಿಕ್ಕಿತು, 2014ರ ಜನಧನದಿಂದ ಖಾತೆಯಿಲ್ಲದವರಿಗೂ ಖಾತೆ ಆಯಿತು, ಈಗ ಟೀ ಅಂಗಡಿಯಲ್ಲೂ ಫೋನಲ್ಲೇ ದುಡ್ಡು. ದುಡ್ಡು ಕೊಡೋದು ತಗೊಳ್ಳೋದು ಸಲೀಸಾಯಿತು, ನಿಜ. ಆದರೆ ಸಾಲಕ್ಕೆ ಫೋನು ಸಾಕಾಗಲ್ಲ. ಈ ಹೊಲ ಯಾರದು, ಇವನು ಹೋದ ವರ್ಷ ಯಾಕೆ ಕಟ್ಟಲಿಲ್ಲ ಅಂತ ಗೊತ್ತಿರುವ ಮನುಷ್ಯ ಬೇಕು. ಹಳ್ಳಿಯವರಿಗೆ ಅಂಥವನು ಮೊದಲು ಸಿಕ್ಕಿದ್ದು ಸಾಹುಕಾರನ ರೂಪದಲ್ಲಿ. ಅವನಿಂದ ಬಿಡಿಸಿಕೊಳ್ಳೋಕೆ ತಾನೇ ಸಂಘ, ಶಾಖೆ ಎಲ್ಲ ಬಂದದ್ದು? ಶಾಖೆ ದೂರವಾದಷ್ಟೂ ಅವನು ಹತ್ತಿರ ಬರುತ್ತಾನೆ ಅನ್ನೋದೇ ನನ್ನ ಭಯ.

ನಿಮ್ಮೂರಲ್ಲಿ ಪಿಗ್ಮಿ ಕಟ್ಟಿಸಿಕೊಳ್ಳೋಕೆ ಯಾರು ಬರುತ್ತಿದ್ದರು? ನೆನಪಿದ್ದರೆ ನೀವೂ ಬರೀರಿ.