ಸ್ವಾಸ್ಥ್ಯವೆಂಬ ಮಾತಿನ ಎರಡು ಅರ್ಥ: ಬಂಕಾಪುರ, ಬಳ್ಳಿಗಾವೆ, ಚೌಡದಾನಪುರ

ಆಯುರ್ವೇದ, ಯೋಗ, ಧ್ಯಾನ, ಪ್ರಕೃತಿ ಎಂಬ ನಾಲ್ಕು ಪದಗಳು ಇಂದು ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಊರಿನ ಗದ್ದಲಕ್ಕೆ ದೂರವಾದ ತೋಟವೊಂದರಲ್ಲಿ ಕೆಲವು ದಿನ ತಂಗಿ, ಬೆಳಿಗ್ಗೆ ಆಸನ, ಮಧ್ಯಾಹ್ನ ಅಭ್ಯಂಗ, ಸಂಜೆ ಮೌನ ಎಂಬ ದಿನಚರಿಯನ್ನು ನಡೆಸಿ ಮರಳುವ ಸ್ವಾಸ್ಥ್ಯಧಾಮಗಳು ನಾಡಿನಲ್ಲೆಲ್ಲ ಹುಟ್ಟಿಕೊಂಡಿವೆ. ಈ ನಾಲ್ಕರ ಕೂಟವು ನಮ್ಮ ಕಾಲದ ಕಲ್ಪನೆಯೆಂದೋ, ಅಥವಾ ಅನಾದಿಯಿಂದ ಹೀಗೆಯೇ ನಡೆದುಬಂದುದೆಂದೋ ಹೇಳುವವರಿದ್ದಾರೆ. ಎರಡು ಮಾತೂ ಪೂರ್ತಿ ನಿಜವಲ್ಲ. ವರದಾ ಮತ್ತು ತುಂಗಭದ್ರೆಗಳ ನಡುವಣ ನೆಲ, ಅಂದರೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದ ಪ್ರದೇಶ ಮತ್ತು ಅದರ ಅಂಚಿನ ಊರುಗಳು, ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ಕ್ಷೇತ್ರ. ಶಾಸನಗಳಲ್ಲಿ ಇದು ಬನವಾಸಿ ಪನ್ನಿರ್ಚ್ಛಾಸಿರ, ಹಾನುಂಗಲ್ಲು ಅಯ್ನೂರು ಎಂಬ ನಾಡುಗಳ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಮಠಗಳಿದ್ದವು, ಬಸದಿಗಳಿದ್ದವು, ನದೀತೀರದ ತಪಸ್ವಿಗಳಿದ್ದರು; ಅವರೆಲ್ಲರ ಕುರಿತು ಬರೆಹದ ಆಧಾರವೂ ಉಳಿದಿದೆ.

ಹಿರೇಕೆರೂರಿನ ಗಡಿಯನ್ನು ದಾಟಿದೊಡನೆ, ಶಿರಾಳಕೊಪ್ಪದ ಸಮೀಪ, ಬಳ್ಳಿಗಾವೆಯಿದೆ. ಅಲ್ಲಿಯ ಕೆರೆಯ ಕೋಡಿಯಲ್ಲಿದ್ದುದರಿಂದ ಕೋಡಿಮಠವೆಂದು ಹೆಸರಾದ ಕೇದಾರೇಶ್ವರದ ಮಠವು ಕಾಳಾಮುಖ ಶೈವರದು. ಕಳಚುರಿ ಬಿಜ್ಜಳನ ಆಳ್ವಿಕೆಯ 1162ರ ಶಾಸನವೊಂದು ಈ ಮಠವನ್ನು ವರ್ಣಿಸುವ ರೀತಿ ಅಸಾಧಾರಣವಾದುದು. ಶಾಸನಕವಿ ದತ್ತಿಯ ವಿವರಕ್ಕೆ ಬರುವ ಮೊದಲು, ಮಠವು ಯಾವುದರ ಸ್ಥಾನ, ಮತ್ತಾವುದರ ಸ್ಥಾನ ಎಂದು ಸಾಲುಸಾಲಾಗಿ ಹೇಳುತ್ತಾ ಹೋಗುತ್ತಾನೆ. ನಾಲ್ಕು ವೇದಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ವ್ಯಾಕರಣಗಳ, ದರ್ಶನಗಳ, ಪುರಾಣಗಳ, ಕಾವ್ಯನಾಟಕಗಳ ವ್ಯಾಖ್ಯಾನ ನಡೆಯುತ್ತಿತ್ತು. ಲಾಕುಳ ಸಿದ್ಧಾಂತದ ಜೊತೆಗೆ ಪಾತಂಜಲ ಮೊದಲಾದ ಯೋಗಶಾಸ್ತ್ರಗಳ ವ್ಯಾಖ್ಯಾನವೂ ಅಲ್ಲಿ ಆಗುತ್ತಿತ್ತು. ಅದೇ ಪಟ್ಟಿಯಲ್ಲಿ ಮುಂದೆ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ಅನ್ನವಿಕ್ಕುವ ಸ್ಥಾನವೆಂಬ ಮಾತು ಬರುತ್ತದೆ. ಅದರ ಮುಂದೆ ಅನಾಥ ರೋಗಿಗಳ ರೋಗಗಳಿಗೆ ಔಷಧ ನಡೆಸುವ ಸ್ಥಾನವೆಂದು. ಕೊನೆಗೆ ಸಕಲ ಜೀವಿಗಳಿಗೆ ಅಭಯ ನೀಡುವ ಸ್ಥಾನವೆಂದು.

ಒಂದೇ ಆವರಣದಲ್ಲಿ ಯೋಗಶಾಸ್ತ್ರ ಮತ್ತು ವೈದ್ಯ, ಅದೂ ಕೆರೆಯ ದಂಡೆಯಲ್ಲಿ. ಇಂದಿನ ಸ್ವಾಸ್ಥ್ಯಧಾಮದ ಪೂರ್ವರೂಪವನ್ನು ಹುಡುಕುವವರಿಗೆ ಇದಕ್ಕಿಂತ ಹತ್ತಿರದ ದಾಖಲೆ ಸಿಗುವುದು ಕಷ್ಟ. ಆದರೆ ಆ ವರ್ಣನೆಯಲ್ಲಿ ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಅಲ್ಲಿ ಓದುತ್ತಿದ್ದ ವ್ಯಾಕರಣಗಳ ಪಟ್ಟಿಯಲ್ಲಿ ಶಾಕಟಾಯನವಿದೆ. ಅದು ಅಮೋಘವರ್ಷ ನೃಪತುಂಗನ ಕಾಲದ ಜೈನ ವೈಯಾಕರಣ ಪಾಲ್ಯಕೀರ್ತಿಯ ಕೃತಿ. ಅನ್ನ ಪಡೆಯುವವರ ಪಟ್ಟಿಯಲ್ಲಿ ಕ್ಷಪಣಕರೂ ಇದ್ದಾರೆ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಅನ್ನ, ಔಷಧ, ಅಭಯ, ವಿದ್ಯೆ ಈ ನಾಲ್ಕನ್ನೂ ಕೋಡಿಮಠ ಕೊಡುತ್ತಿತ್ತೆಂದಮೇಲೆ, ಬಸದಿಗಳ ದತ್ತಿಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನವೇ ಶೈವ ಮಠದ ವರ್ಣನೆಯೊಳಗೆ ಬಿಡಿಬಿಡಿಯಾಗಿ ಹರಡಿಕೊಂಡಿದೆ ಎನ್ನಬಹುದು. ಯಾರು ಯಾರಿಂದ ಪಡೆದರೆಂಬ ವಾದಕ್ಕೆ ಇಲ್ಲಿ ಇಳಿಯಬೇಕಾಗಿಲ್ಲ. ಒಂದು ಧರ್ಮಸಂಸ್ಥೆ ಪೂರ್ಣವೆನಿಸಬೇಕಾದರೆ ಅದರಲ್ಲಿ ರೋಗಿಗೆ ಜಾಗವಿರಬೇಕೆಂಬ ತಿಳಿವಳಿಕೆ ಆ ಕಾಲದ ಕನ್ನಡ ನಾಡಿನಲ್ಲಿ ಮತಭೇದವನ್ನು ಮೀರಿ ಇತ್ತು.

ಮತಭೇದವೇ ಇರಲಿಲ್ಲವೆಂದು ಇದರಿಂದ ಭಾವಿಸಬಾರದು. ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಶಾಸನ, ಏಕಾಂತದ ರಾಮಯ್ಯ ಜೈನರೊಡನೆ ವಾದಕ್ಕಿಳಿದು ಜಿನಬಿಂಬವನ್ನು ಭಗ್ನಗೊಳಿಸಿದ ಕಥೆಯನ್ನು ಇದೇ ಬಿಜ್ಜಳನ ಕಾಲದ್ದೆಂದೇ ಹೇಳುತ್ತದೆ. ಅನ್ನದ ಸಾಲಿನಲ್ಲಿ ಕ್ಷಪಣಕನನ್ನು ಕೂರಿಸುವ ಮಠವೂ ಕ್ಷಪಣಕನ ಬಸದಿಯನ್ನು ಒಡೆಯುವ ಆವೇಶವೂ ಒಂದೇ ಅರಸನ ಕಾಲಕ್ಕೆ, ಒಂದೇ ಸೀಮೆಗೆ ಸೇರಿದವು. ಸಂಶೋಧಕನು ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು.

ಇನ್ನು ಗ್ರಂಥಗಳ ಮಾತು. ಕನ್ನಡ ನಾಡಿನ ಜೈನ ವೈದ್ಯಪರಂಪರೆಯಲ್ಲಿ ನಮಗೆ ಉಳಿದಿರುವ ಮಹಾಕೃತಿ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’. ಶ್ರೀನಂದಿಗಳ ಶಿಷ್ಯರಾದ ಇವರು ರಾಮಗಿರಿಯ ಜಿನಾಲಯದಲ್ಲಿ ಇದನ್ನು ರಚಿಸಿದರು; ನೃಪತುಂಗನ ಸಭೆಯಲ್ಲಿ ವೈದ್ಯರ ಎದುರು ಔಷಧಕ್ಕೂ ಮಾಂಸ ಬೇಡವೆಂದು ವಾದಿಸಿದರು. ಆ ವಾದವೇ ಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವಾಗಿ ಸೇರಿದೆ. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸೊಲ್ಲಾಪುರದಿಂದ ಇದನ್ನು ಹಿಂದೀ ಅನುವಾದದೊಡನೆ ಪ್ರಕಟಿಸದಿದ್ದರೆ ನಮಗೆ ಇದು ಹೆಸರಾಗಿ ಮಾತ್ರ ಉಳಿಯುತ್ತಿತ್ತೇನೋ.

ಮಾಂಸನಿಷೇಧದ ಕಾರಣದಿಂದ ಈ ಗ್ರಂಥವನ್ನು ನೆನೆಯುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮುಖ್ಯವಾದುದು ಉಗ್ರಾದಿತ್ಯರು ಸ್ವಾಸ್ಥ್ಯವನ್ನು ಎರಡಾಗಿ ವಿಂಗಡಿಸಿದ ಬಗೆ. ಅಗ್ನಿ, ಧಾತು, ದೋಷಗಳು ಸಮವಾಗಿದ್ದು ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರುವುದು ವ್ಯಾವಹಾರಿಕ ಸ್ವಾಸ್ಥ್ಯ. ಸುಶ್ರುತನನ್ನು ಓದಿದವರಿಗೆ ಇದು ಪರಿಚಿತವೇ. ಸಮಸ್ತ ಕರ್ಮಗಳು ಕ್ಷಯವಾದ ಮೇಲೆ ಆತ್ಮಕ್ಕೆ ಒದಗುವ, ಮತ್ತೆ ಕೆಡದ ನೆಲೆ ಪಾರಮಾರ್ಥಿಕ ಸ್ವಾಸ್ಥ್ಯ. ‘ಸ್ವಸ್ಥ’ ಎಂದರೆ ತನ್ನಲ್ಲಿ ತಾನು ನಿಂತವನು ಎಂಬ ಪದಾರ್ಥವನ್ನು ಅವರು ಕೊನೆಯ ತನಕ ಎಳೆದುಕೊಂಡು ಹೋದರು. ಹೀಗಾಗಿ ವೈದ್ಯನ ಕೆಲಸಕ್ಕೆ ಘನತೆಯೂ ಬಂದಿತು, ಮಿತಿಯೂ ಬಂದಿತು. ದೇಹವು ತಪಸ್ಸಿಗೆ ಬೇಕಾದ ಉಪಕರಣ, ಆದ್ದರಿಂದ ಅದನ್ನು ಕಾಯಬೇಕು. ಆದರೆ ಅದನ್ನು ಕಾಯುವುದೇ ಗುರಿಯಲ್ಲ. ಗ್ರಂಥಕ್ಕೆ ಸೇರಿಸಿದ ರಿಷ್ಟಾಧ್ಯಾಯದಲ್ಲಿ ಮರಣಸೂಚಕ ಚಿಹ್ನೆಗಳ ವಿವರವಿದೆ. ವೈದ್ಯನಿಗೆ ಅದು ಚಿಕಿತ್ಸೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವು. ಮುನಿಗೆ ಸಲ್ಲೇಖನಕ್ಕೆ ಸಿದ್ಧನಾಗುವ ಸಮಯದ ತಿಳಿವು.

ದೇಹ, ಮಾತು, ಮನಸ್ಸು ಮೂರಕ್ಕೂ ಮದ್ದು ಬೇಕೆಂಬ ಕಲ್ಪನೆ ಆ ಶತಮಾನಗಳಲ್ಲಿ ವ್ಯಾಪಕವಾಗಿತ್ತು. ‘ಜ್ಞಾನಾರ್ಣವ’ದ ಆರಂಭದಲ್ಲಿ ಶುಭಚಂದ್ರಾಚಾರ್ಯರು ದೇವನಂದಿ ಪೂಜ್ಯಪಾದರನ್ನು ವಂದಿಸುವುದು, ಅವರ ವಚನಗಳು ಜೀವಿಗಳ ಕಾಯ, ವಾಕ್ಕು, ಚಿತ್ತಗಳ ಕಲಂಕವನ್ನು ಕಳೆಯುತ್ತವೆ ಎಂದು. ಪೂಜ್ಯಪಾದರು ವೈದ್ಯವನ್ನೂ ಜೈನೇಂದ್ರ ವ್ಯಾಕರಣವನ್ನೂ ಸಮಾಧಿತಂತ್ರವನ್ನೂ ಬರೆದರೆಂಬ ಪರಂಪರೆಯ ನಂಬಿಕೆ ಅಲ್ಲಿ ಅಡಗಿದೆ. ಧಾರಾನಗರದ ಭೋಜರಾಜನು ಯೋಗಸೂತ್ರದ ತನ್ನ ವೃತ್ತಿಯಲ್ಲಿ ಇದೇ ಮೂರರ ಮಾತನ್ನು ಪತಂಜಲಿಯನ್ನು ನೆನೆದು ತನಗೇ ಅನ್ವಯಿಸಿಕೊಂಡಿದ್ದಾನೆ. ಇಂದಿನ ಯೋಗಶಿಬಿರಗಳಲ್ಲಿ ಮೊದಲಿಗೆ ಹೇಳಿಸುವ ಪತಂಜಲಿ ಸ್ತುತಿಯೂ ಈ ತ್ರಿಪುಟಿಯನ್ನೇ ಹಾಡುತ್ತದೆ. ಅದನ್ನು ಹೇಳುವವರಲ್ಲಿ ಎಷ್ಟು ಮಂದಿ ಪೂಜ್ಯಪಾದರ ಹೆಸರನ್ನು ಕೇಳಿದ್ದಾರು!

ಜ್ಞಾನಾರ್ಣವವು ಧ್ಯಾನಕ್ಕೆ ತಕ್ಕ ಜಾಗಗಳನ್ನೂ ಹೆಸರಿಸುತ್ತದೆ: ಕಡಲತಡಿ, ಕಾಡಿನ ಅಂಚು, ಬೆಟ್ಟದ ತುದಿ, ಮರಳದಿಣ್ಣೆ, ತಾವರೆಗೊಳದ ಬದಿ, ನದಿಗಳ ಸಂಗಮ, ಹಳೆಯ ತೋಟ, ಮರದ ಪೊಟರೆ, ಗುಹೆ. ಇವುಗಳ ನಡುವೆ ಸ್ಮಶಾನವೂ ಬರುತ್ತದೆ. ಆಚಾರ್ಯರಿಗೆ ಪ್ರಕೃತಿಯೆಂದರೆ ಕಣ್ಣಿಗೆ ಹಿತವಾದುದು ಮಾತ್ರವಾಗಿರಲಿಲ್ಲ. ಚಿತ್ತವನ್ನು ಕದಡದ ಯಾವ ನೆಲವೂ ಅವರಿಗೆ ಸಲ್ಲುತ್ತಿತ್ತು.

ಈ ಎಲ್ಲ ಎಳೆಗಳೂ ಕೂಡುವ ಊರು ಶಿಗ್ಗಾವಿ ತಾಲೂಕಿನ ಬಂಕಾಪುರ. ನೃಪತುಂಗನ ದಂಡನಾಯಕ ಬಂಕೆಯನ ಹೆಸರು ಹೊತ್ತ ಊರದು. ಅಂದರೆ ಉಗ್ರಾದಿತ್ಯರ ಮಾತನ್ನು ಕೇಳಿದ ಅರಸನ ಆಪ್ತನದು. ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಚೆಲ್ಲಕೇತನ ವಂಶದ ಲೋಕಾದಿತ್ಯನು ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದುದನ್ನು ‘ಉತ್ತರಪುರಾಣ’ದ ಪ್ರಶಸ್ತಿ ಹೇಳುತ್ತದೆ. ಅದರ ಕರ್ತೃ ಗುಣಭದ್ರಾಚಾರ್ಯರು ‘ಆತ್ಮಾನುಶಾಸನ’ವನ್ನೂ ಬರೆದವರು. ಅದರ ಆರಂಭದಲ್ಲಿಯೇ ಅವರು ಶಿಷ್ಯನಿಗೆ, ಉಪದೇಶ ಈ ಹೊತ್ತಿಗೆ ಕೊಂಚ ಕಹಿಯೆನಿಸಿದರೂ ಫಲದಲ್ಲಿ ಸಿಹಿಯಾದುದು, ಉಗ್ರವಾದ ಮದ್ದಿಗೆ ರೋಗಿ ಹೆದರುವಂತೆ ನೀನು ಹೆದರಬೇಡ ಎಂದು ಧೈರ್ಯ ಹೇಳುತ್ತಾರೆ. ಗುರುವನ್ನು ವೈದ್ಯನ ಸ್ಥಾನದಲ್ಲಿ ನಿಲ್ಲಿಸುವ ಈ ರೂಪಕ ಬೌದ್ಧರಲ್ಲಿಯೂ ಶೈವರಲ್ಲಿಯೂ ಉಂಟು. ಇಷ್ಟು ಮನೆಮಾತಿನ ಸಲುಗೆಯಿಂದ ಬರುವುದು ಅಪರೂಪ.

ಮುಕ್ಕಾಲು ಶತಮಾನದ ಬಳಿಕ ಅದೇ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರಿದ್ದರು. ಚಾವುಂಡರಾಯನಿಗೂ ರನ್ನನಿಗೂ ಗುರುಗಳಾದವರು ಇವರೇ. ಗಂಗರ ಮಾರಸಿಂಹನು, ಹಲವು ಯುದ್ಧಗಳನ್ನು ಗೆದ್ದು ರಾಷ್ಟ್ರಕೂಟ ಸಿಂಹಾಸನಕ್ಕೆ ಊರುಗೋಲಾಗಿದ್ದವನು, ರಾಜ್ಯವನ್ನು ತೊರೆದು ಇಲ್ಲಿಗೆ ಬಂದನು. 974ರ ಸುಮಾರಿನಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನ ಇದನ್ನು ದಾಖಲಿಸಿದೆ. ಅರಮನೆಯ ರಾಜವೈದ್ಯರನ್ನು ಬಿಟ್ಟು ಗುರುವಿದ್ದ ಊರಿಗೆ ಬಂದ ಈ ಪ್ರಯಾಣವನ್ನು ಏನೆಂದು ಕರೆಯೋಣ? ಲೋಕದಿಂದ ಹಿಂದೆಗೆದು ಶಾಂತಸ್ಥಾನವನ್ನು ಸೇರುವುದು ಎಂಬ ಅರ್ಥದಲ್ಲಿ ಇದೂ ಒಂದು ವಿಶ್ರಾಂತಿಯಾತ್ರೆ. ಮರಳಿ ಬರುವ ಉದ್ದೇಶ ಮಾತ್ರ ಅದರಲ್ಲಿರಲಿಲ್ಲ. ಉಗ್ರಾದಿತ್ಯರ ಎರಡನೆಯ ಸ್ವಾಸ್ಥ್ಯವನ್ನು ನಂಬಿದ ಸಮಾಜಕ್ಕೆ ಇದು ವೈದ್ಯದ ಸೋಲಾಗಿ ಕಾಣಲಿಲ್ಲ. ಇಂದಿನ ಸ್ವಾಸ್ಥ್ಯಧಾಮಗಳ ದಿನಚರಿಯಲ್ಲಿ ಯಾವುದಕ್ಕೆಲ್ಲ ಜಾಗವಿದ್ದರೂ ಮರಣಕ್ಕೆ ಇಲ್ಲ. ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರದಲ್ಲಿ ಇದೇ ದೊಡ್ಡದೆಂದು ನನಗೆ ತೋರುತ್ತದೆ.

ಬಂಕಾಪುರದ ಕೋಟೆ ಈಗ ನವಿಲುಧಾಮ. ದಿಗಂಬರ ಮುನಿಗಳು ತಾನಾಗಿ ಉದುರಿದ ನವಿಲುಗರಿಯ ಪಿಂಛಿಯನ್ನು ಹಿಡಿಯುವವರು. ಅಜಿತಸೇನರ ಊರಿನಲ್ಲಿ ಗರಿ ಉದುರಿಸಲು ನವಿಲುಗಳು ಉಳಿದಿರುವುದು ಆಕಸ್ಮಿಕವೇ ಆದರೂ ಸೊಗಸಾದ ಆಕಸ್ಮಿಕ.

ರಾಣೇಬೆನ್ನೂರು ತಾಲೂಕಿಗೆ ಬಂದರೆ ಕಥೆ ತುಂಗಭದ್ರೆಯ ದಂಡೆಗೆ ಸರಿಯುತ್ತದೆ. ಚೌಡದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳು ಗುತ್ತವೊಳಲಿನ ಗುತ್ತರಸರ ಕಾಲದವು. ಮೊದಲು ಅಲ್ಲಿ ಲಾಕುಳಶೈವರಾದ ಮುಕ್ತಿಜೀಯರಿದ್ದರು. 1225ರಲ್ಲಿ ಶಿವದೇವರೆಂಬ ವೀರಶೈವ ತಪಸ್ವಿ ಬಂದು, ನದಿಯ ಮಗ್ಗುಲಲ್ಲಿಯೇ ನಿಂತು, ದೀರ್ಘಕಾಲ ವಿರಕ್ತಜೀವನವನ್ನು ನಡೆಸಿದರು. ಗುತ್ತರಸರು ಅವರಲ್ಲಿಗೆ ಬಂದು ದತ್ತಿಗಳನ್ನು ಬಿಟ್ಟರು. ಕೋಡಿಮಠದಂತೆ ಇಲ್ಲಿ ವಿದ್ಯೆ, ವೈದ್ಯಗಳ ಗಜಿಬಿಜಿಯಿಲ್ಲ. ಒಬ್ಬ ವ್ಯಕ್ತಿ, ಒಂದು ಗುಡಿ, ಒಂದು ಹೊಳೆ. ಅದೇ ನದಿಗೆ ವರದೆ ಬಂದು ಸೇರುವ ಗಳಗನಾಥದಲ್ಲಿ ಗಳಗೇಶ್ವರ ಗುಡಿಯಿದೆ. ಕನ್ನಡ ಕಾದಂಬರಿಗೆ ಓದುಗರನ್ನು ದುಡಿದು ಗಳಿಸಿಕೊಟ್ಟ ಗಳಗನಾಥರ ಹೆಸರಿನಲ್ಲಿರುವ ಊರೂ ಇದೇ. ಶುಭಚಂದ್ರರ ಪಟ್ಟಿಯ ನದೀಸಂಗಮವನ್ನು ನೋಡಬೇಕೆನ್ನುವವರು ಅಲ್ಲಿಗೆ ಹೋಗಬಹುದು.

ವೈದ್ಯವನ್ನು ಕನ್ನಡಕ್ಕೆ ತಂದವರಲ್ಲಿಯೂ ಜೈನರದೇ ಮೇಲುಗೈ. ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’, ಪೂಜ್ಯಪಾದರ ಗ್ರಂಥವನ್ನು ಅನುಸರಿಸಿದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಎರಡೂ ಹನ್ನೆರಡನೆಯ ಶತಮಾನದವು. ವಿಷಚಿಕಿತ್ಸೆಯ ‘ಖಗೇಂದ್ರಮಣಿದರ್ಪಣ’ವನ್ನು ಬರೆದ ಮಂಗರಾಜ ಹದಿನಾಲ್ಕನೆಯ ಶತಮಾನದವನು. ಸೋಮನಾಥನ ಚಿಕಿತ್ಸೆಯಲ್ಲಿ ಮಾಂಸಕ್ಕೂ ಮದ್ಯಕ್ಕೂ ಎಡೆಯಿಲ್ಲ. ಇವರೆಲ್ಲರ ‘ಕಾರ’ವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಇಂದು ತನ್ನ ಕೆಂಪು ಬಣ್ಣಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿ ಅವರಾರಿಗೂ ಗೊತ್ತಿರಲಿಲ್ಲ. ಅದು ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಗಿಡ. ಮೆಣಸಿನ ಹೆಸರನ್ನೇ ಎರವಲು ಪಡೆದು ಅದು ಕನ್ನಡದ್ದಾಯಿತು. ಪ್ರಾಚೀನ ಆಹಾರಕ್ರಮದ ಹೆಸರಿನಲ್ಲಿ ಬಡಿಸುವ ಊಟದಲ್ಲಿ ಕೆಂಪು ಒಗ್ಗರಣೆಯನ್ನು ಕಂಡಾಗ ಇದು ನೆನಪಾಗುತ್ತದೆ.

ಹೊಸ ಕಾಲದಲ್ಲಿ ಯೋಗವನ್ನೂ ಆಯುರ್ವೇದವನ್ನೂ ಒಂದೇ ಸೂರಿನಡಿ ಮತ್ತೆ ತಂದವರಲ್ಲಿ ಈ ಸೀಮೆಗೆ ಸಮೀಪದವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ಚಿತ್ರದುರ್ಗ ಜಿಲ್ಲೆಯ ಆ ಹಳ್ಳಿಯಲ್ಲಿ 1943ರಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, ‘ತಿರುಕ’ನೆಂಬ ಹೆಸರಿನಲ್ಲಿ ಬರೆಯುತ್ತ, ಊರೂರಿಗೆ ಹೋಗಿ ಯೋಗಾಸನ ಕಲಿಸುತ್ತ, ಬಡವರಿಗೆ ಮದ್ದು ಕೊಡುತ್ತ 1996ರ ತನಕ ಬಾಳಿದರು. ಆಶ್ರಮದ ಹೆಸರಿನಲ್ಲಿಯೇ ಇರುವ ‘ಅನಾಥ’ ಶಬ್ದ ಕೋಡಿಮಠದ ಶಾಸನದಲ್ಲಿಯೂ ಇದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು ಈ ಕೂಟಕ್ಕೆ ಪದವಿಯ ಶಿಸ್ತನ್ನು ತಂದಿತು. ಆ ಬಳಿಕ ಬಂದ ವಸತಿಧಾಮಗಳಲ್ಲಿ ಹಲವು ಹಣವುಳ್ಳ ಆರೋಗ್ಯವಂತರನ್ನು ಅತಿಥಿಗಳೆಂದು ಬರಮಾಡಿಕೊಳ್ಳುತ್ತವೆ. ಅದು ತಪ್ಪೆಂದು ಹೇಳುತ್ತಿಲ್ಲ. ದಣಿದವರಿಗೆ ವಿಶ್ರಾಂತಿ ಬೇಕು. ಆದರೆ ಅವು ಪ್ರಾಚೀನ ಪರಂಪರೆಯ ಮುಂದುವರಿಕೆಯೆಂದು ಹೇಳಿಕೊಂಡಾಗ, 1162ರ ಪಟ್ಟಿಯಲ್ಲಿ ಮೊದಲು ಒಳಗೆ ಬಂದವರು ಯಾರೆಂಬುದನ್ನು ಓದಿ ತೋರಿಸಬೇಕಾಗುತ್ತದೆ.

ಈ ವಿಷಯದಲ್ಲಿ ಕೆಲಸ ಮಾಡಬಯಸುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿಯೂ ಧಾರವಾಡ ಸೀಮೆಯ ಶಾಸನಗಳಲ್ಲಿಯೂ ಭೈಷಜ್ಯ, ಔಷಧ, ವೈದ್ಯ, ರೋಗಿ ಎಂಬ ಪದಗಳು ಬರುವ ದತ್ತಿಗಳನ್ನೆಲ್ಲ ಒಂದೆಡೆ ತೆಗೆದು, ಅವು ಬಸದಿಗೋ ಮಠಕ್ಕೋ ಅಗ್ರಹಾರಕ್ಕೋ, ಎಷ್ಟು ಮತ್ತರು ಭೂಮಿ, ಯಾರ ಹೆಸರಿನಲ್ಲಿ ಎಂದು ವಿಂಗಡಿಸಿ ನೋಡಿ. ಬನವಾಸಿ ನಾಡಿನಿಂದಲೇ ಆರಂಭಿಸಬಹುದು. ಬಳ್ಳಿಗಾವೆಯ ಶಾಸನಗಳು ಶಿಕಾರಿಪುರ ತಾಲೂಕಿನ ಭಾಗದಲ್ಲಿವೆ.