ದಂಡಿನ ಕಾಲದಲ್ಲಿ ಗ್ರಂಥಭಾಂಡಾರಗಳು

ಬಳ್ಳಾರಿ ಸೀಮೆಯ ಪೂರ್ವಚರಿತ್ರೆಯನ್ನು ವಿಚಾರಿಸಹೊರಟವರಿಗೆ ಮೊದಲು ಕಣ್ಣಿಗೆ ಬೀಳುವುವು ಕೋಟೆಗಳು. ಬಳ್ಳಾರಿಯ ಬೆಟ್ಟದ ಮೇಲೊಂದು, ಕುರುಗೋಡಿನ ಗುಡ್ಡದಲ್ಲೊಂದು, ಸಿರುಗುಪ್ಪದ ನೆರೆಯ ತೆಕ್ಕಲಕೋಟೆಯಲ್ಲೊಂದು. ಹೀಗೆ ಈ ನಾಡು ಎಷ್ಟು ಸಾರಿ ದಂಡಿನ ದಾರಿಯಾಗಿತ್ತೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ದಂಡು ಬರುವ ಸುದ್ದಿ ಹುಟ್ಟಿದೊಡನೆ ಒಕ್ಕಲಿಗನು ಕಾಳನ್ನು ಹಗೇವಿನಲ್ಲಿ ಮುಚ್ಚುವನು, ದನಗಳನ್ನು ಗುಡ್ಡಕ್ಕೆ ಅಟ್ಟುವನು, ವರ್ತಕನು ಹೊನ್ನನ್ನು ಹೂಳುವನು. ಆದರೆ ಮಠದಲ್ಲಿದ್ದ ಗ್ರಂಥಗಳ ಗತಿ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ಕೇಳುವವರು ವಿರಳ. ಈ ಮಹೋತ್ಸವದ ಸಂದರ್ಭದಲ್ಲಿ ಭಕ್ತಮಹನೀಯರು ಅದನ್ನು ಒಂದಿಷ್ಟು ಆಲೋಚಿಸಬೇಕೆಂದು ಈ ಲೇಖನದ ಉದ್ದೇಶ.

ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದವಂಶದ ಅರಸರ ನೆಲೆಯಾಗಿದ್ದಿತು. ಹೊಯ್ಸಳ ಇಮ್ಮಡಿ ಬಲ್ಲಾಳನು ಗೆದ್ದ ಕೋಟೆಗಳ ಸಾಲಿನಲ್ಲಿ ಅದರ ಹೆಸರೂ ಸೇರಿದೆ. ಕೋಟೆ ಕೈಮಾರಿತು, ಸಿಂದರ ಆಳಿಕೆ ಮುಗಿಯಿತು. ಅವರ ಶಿಲಾಶಾಸನಗಳು ಮಾತ್ರ ಉಳಿದುವು. ಅಕ್ಷರದ ಆಯುಸ್ಸು ಅರಸುತನದ ಆಯುಸ್ಸಿಗಿಂತ ದೊಡ್ಡದೆಂಬುದಕ್ಕೆ ಇದೊಂದು ನಿದರ್ಶನ. ಆದರೆ ಶಾಸ್ತ್ರಗ್ರಂಥಗಳೆಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸುವುದು ಸಾಧ್ಯವೆ? ಅವು ತಾಳೆಯೋಲೆಯನ್ನೇ ಆಶ್ರಯಿಸಬೇಕಾಯಿತು. ಓಲೆಗೆ ಬೆಂಕಿಯೂ ಶತ್ರು, ನೀರೂ ಶತ್ರು, ಗೆದ್ದಲೂ ಶತ್ರು. ಆದುದರಿಂದ ನಮ್ಮ ಹಿರಿಯರು ಗ್ರಂಥರಕ್ಷಣೆಗೆ ಎರಡು ಉಪಾಯಗಳನ್ನು ನೆಚ್ಚಿದರು: ಕಂಠಪಾಠವೊಂದು, ಪ್ರತಿ ಮಾಡಿಸಿ ಹಲವು ಊರುಗಳಿಗೆ ಹಂಚುವುದು ಮತ್ತೊಂದು.

ಕಲ್ಯಾಣದ ವಿಪ್ಲವವು ಶರಣಸಮೂಹಕ್ಕೆ ವಿದಿತವಾದ ಸಂಗತಿ. ಬಿಜ್ಜಳನ ವಧೆಯಾದ ಮೇಲೆ ಶರಣರು ದಿಕ್ಕುದಿಕ್ಕಿಗೆ ಚೆದರಿದಾಗ, ಚೆನ್ನಬಸವಣ್ಣನವರನ್ನು ಮುಂದಿಟ್ಟುಕೊಂಡು ಒಂದು ಸಮೂಹವು ಉಳವಿಯ ಕಡೆಗೆ ನಡೆಯಿತೆಂದೂ, ವಚನದ ಕಟ್ಟುಗಳನ್ನು ಹೊತ್ತೊಯ್ದರೆಂದೂ, ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಿದೇವರು ತಡೆದು ನಿಂತರೆಂದೂ ನಮ್ಮ ಪರಂಪರೆಯು ಹೇಳುತ್ತದೆ. ಈ ಕಥನದಲ್ಲಿ ಗಮನಿಸತಕ್ಕುದು ಒಂದುಂಟು. ಓಡಿಹೋಗುವ ಮನುಷ್ಯನು ತನ್ನ ಹೆಗಲಿಗೆ ಯಾವುದನ್ನು ಏರಿಸುವನೋ ಅದೇ ಅವನಿಗೆ ಪರಮಧನ. ಶರಣರು ಹೊತ್ತುದು ಹೊನ್ನನ್ನಲ್ಲ, ಓಲೆಯ ಕಟ್ಟುಗಳನ್ನು.

ಚೆದರಿಹೋದುದನ್ನು ಮತ್ತೆ ಕೂಡಿಸಿದ ಕಾಲವಾವುದು? ಅದು ಶಾಂತಿಯ ಕಾಲವೆಂದು ಊಹಿಸುವವರಿಗೆ ಆಶ್ಚರ್ಯವು ಕಾದಿದೆ. ವಿಜಯನಗರದ ಪ್ರೌಢದೇವರಾಯನು 1424ರಿಂದ 1446ರ ವರೆಗೆ ಆಳಿದನು. ಆ ದಿನಗಳಲ್ಲಿ ತುಂಗಭದ್ರೆಗೂ ಕೃಷ್ಣೆಗೂ ನಡುವಣ ರಾಯಚೂರು ಸೀಮೆಗಾಗಿ ಬಹಮನಿ ಸುಲ್ತಾನರೊಡನೆ ಮೇಲಿಂದಮೇಲೆ ಕಾಳಗಗಳಾದುವು. ಸಿರುಗುಪ್ಪದ ಹೊಳೆಯ ಆಚೆಯ ದಡವೇ ಆ ಕಾಳಗದ ಸೀಮೆ. ಇಂತಹ ಕಾಲದಲ್ಲಿಯೇ ದಂಡನಾಯಕನಾದ ಲಕ್ಕಣ್ಣದಂಡೇಶನು ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದನು, ಜಕ್ಕಣಾರ್ಯನು ‘ನೂರೊಂದು ಸ್ಥಲ’ವನ್ನು ಸಂಕಲಿಸಿದನು, ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ಬರೆದನು. ಆ ಶತಮಾನದಲ್ಲಿಯೇ ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಸಂವಾದರೂಪವಾಗಿ ಜೋಡಿಸಿ ಶೂನ್ಯಸಂಪಾದನೆಯನ್ನು ಕಟ್ಟಿದರು. ಒಂದು ಕೈಯಲ್ಲಿ ಕತ್ತಿ ಹಿಡಿದ ರಾಜ್ಯವು ಇನ್ನೊಂದು ಕೈಯಿಂದ ಓಲೆಯನ್ನು ಕಾಪಾಡಿತು. ನಾಳೆ ಏನಾಗುವುದೋ ಎಂಬ ಭಯವೇ ಸಂಗ್ರಹಕಾರ್ಯಕ್ಕೆ ಪ್ರೇರಣೆಯಾಗಿರಲೂಬಹುದು.

ಆ ಭಯವು 1565ರ ಜನವರಿಯಲ್ಲಿ ನಿಜವಾಯಿತು. ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ರಾಮರಾಯನು ಮಡಿದನು. ರಾಜಧಾನಿಯು ಕೊಳ್ಳೆಹೋಗಿ ಸುಡಲ್ಪಟ್ಟಿತು. ಅರಸುಮನೆತನವು ಪೆನುಗೊಂಡೆಗೆ ಸರಿಯಿತು. ಅರಮನೆಯ ಓಲೆಕಡತಗಳಾವುವೂ ನಮ್ಮ ಕೈಗೆ ಬಂದಿಲ್ಲ. ಹೀಗಿದ್ದರೂ 1584ರಲ್ಲಿ ವಿರೂಪಾಕ್ಷಪಂಡಿತನು ‘ಚೆನ್ನಬಸವಪುರಾಣ’ವನ್ನು ಮುಗಿಸಿದನು. ನಗರವು ಬಿದ್ದು ಇಪ್ಪತ್ತು ವರ್ಷಗಳೂ ತುಂಬುವ ಮೊದಲೇ ಹಿಂದಿನ ಶರಣಕಥೆಗಳೆಲ್ಲವನ್ನೂ ಒಂದುಗೂಡಿಸುವ ಮಹಾಪುರಾಣವೊಂದು ಹುಟ್ಟಿತೆಂದರೆ, ಆಧಾರಗ್ರಂಥಗಳು ಒಂದೇ ಊರಿನಲ್ಲಿ ಬೆಂಕಿಗೆ ತುತ್ತಾಗಿರಲಿಲ್ಲವೆಂದೇ ತಿಳಿಯಬೇಕು. ಇನ್ನು ಆ ನಗರದ ವೈಭವವಾದರೋ, ಅದನ್ನು ಕಣ್ಣಾರೆ ಕಂಡ ಪಾಯೆಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರಹಗಳಲ್ಲಿ ಉಳಿದು, ಪ್ಯಾರಿಸಿನ ಗ್ರಂಥಭಾಂಡಾರವನ್ನು ಸೇರಿ, 1897ರಲ್ಲಿ ಅಚ್ಚಾಯಿತು. ಮದರಾಸು ಸರಕಾರದ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲನು 1900ರಲ್ಲಿ ಅವುಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಮೇಲೆಯೇ ಹಂಪಿಯ ಚರಿತ್ರೆ ಲೋಕಕ್ಕೆ ವಿಸ್ತಾರವಾಗಿ ತಿಳಿದುದು. ನಮ್ಮ ಮನೆಯ ಕಥೆಯನ್ನು ಪರರ ಮನೆಯ ಪೆಟ್ಟಿಗೆಯಿಂದ ಕೇಳಬೇಕಾಯಿತು!

ಗೆದ್ದವನು ಪುಸ್ತಕವನ್ನು ಸುಡುವುದೂ ಉಂಟು, ಹೊತ್ತೊಯ್ಯುವುದೂ ಉಂಟು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಟಿಪ್ಪೂ ಸುಲ್ತಾನನ ಸುಮಾರು 2000 ಗ್ರಂಥಗಳ ಭಾಂಡಾರವು ಕಂಪನಿಯವರ ವಶವಾಯಿತು. ಕೆಲವು ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೂ ಕೆಲವು ಲಂಡನ್ನಿಗೂ ಹೋದುವು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟನು ಅವುಗಳ ಪಟ್ಟಿಯನ್ನು ಅಚ್ಚುಹಾಕಿಸಿದನು. ಅದೇ ಮುತ್ತಿಗೆಯಲ್ಲಿದ್ದ ಕಾಲಿನ್ ಮೆಕೆಂಜಿಯು ಮುಂದೆ ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಓಲೆಗಳನ್ನೂ ಕೂಡಿಹಾಕಿದನು. ನಾಡನ್ನು ಆಳಬೇಕಾದವನು ಆ ನಾಡಿನ ಪುಸ್ತಕವನ್ನು ಬಯಸುತ್ತಾನೆ. ಪುಸ್ತಕದ ಶಕ್ತಿಯನ್ನು ಅರಿಯಲು ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಈ ಸಂಕಟವು ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದ ಪುಸ್ತಕಾಲಯವು 1914ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿಸಿದುದು 1940ರಲ್ಲಿ ಪುನಃ ಬೆಂಕಿಗೆ ಆಹುತಿಯಾಯಿತು. 1981ರಲ್ಲಿ ಸಿಂಹಳದ್ವೀಪದ ಯಾಳ್ಪಾಣದ ಪುಸ್ತಕಾಲಯವನ್ನು ಸುಟ್ಟಾಗ ಸುಮಾರು 97,000 ಪುಸ್ತಕಗಳ ಸಂಗಡ ತಮಿಳಿನ ಓಲೆಗ್ರಂಥಗಳೂ ಬೂದಿಯಾದುವು. ಕಟ್ಟಡವನ್ನು ಮತ್ತೆ ಎತ್ತಿದರು; ಪ್ರತಿಯಿದ್ದ ಪುಸ್ತಕಗಳನ್ನು ಮತ್ತೆ ತರಬಹುದು. ಪ್ರತಿಯಿಲ್ಲದ ಓಲೆಗಳನ್ನು ಎಲ್ಲಿಂದ ತರುವುದು?

ಇಲ್ಲಿ ನಮಗೆ ಮೇಲ್ಪಂಕ್ತಿಯಾಗಿ ನಿಲ್ಲುವವರು ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. ಕಲ್ಯಾಣದಿಂದ ಚೆದರಿದ ಓಲೆಗಳ ಪ್ರತಿಗಳು ಏಳು ಶತಮಾನಗಳ ತರುವಾಯ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇದ್ದುವು. ಅವರು ಅವುಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರಡಿಸಿದರು, ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಪ್ರಾರಂಭಿಸಿದರು. ಅದೇ ವರ್ಷ ನಮ್ಮ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಒಮ್ಮೆ ಅಚ್ಚಾಗಿ ಸಾವಿರ ಮನೆಗಳನ್ನು ಸೇರಿದ ವಚನವನ್ನು ಯಾವ ದಂಡೂ ಸುಡಲಾರದು. ಮಾಚಿದೇವರು ಕತ್ತಿಯಿಂದ ಮಾಡಿದ ರಕ್ಷಣೆಯನ್ನು ಹಳಕಟ್ಟಿಯವರು ಅಚ್ಚಿನ ಮೊಳೆಯಿಂದ ಪೂರ್ಣಗೊಳಿಸಿದರೆಂದರೆ ಅತಿಶಯೋಕ್ತಿಯಲ್ಲ.

ಈ ಚರಿತ್ರೆಯಿಂದ ಸಿದ್ಧವಾಗುವ ತತ್ತ್ವವು ಸರಳವಾದುದು. ಗ್ರಂಥವನ್ನು ಕಾಯುವುದು ಗೋಡೆಯಲ್ಲ, ಬೀಗವಲ್ಲ. ಪ್ರತಿ ಮತ್ತು ಪಠನ. ಯುದ್ಧವು ಒಂದು ದಿನದಲ್ಲಿ ಮಾಡುವ ಕೆಲಸವನ್ನು ಅಲಕ್ಷ್ಯವು ಐವತ್ತು ವರ್ಷಗಳಲ್ಲಿ ಸದ್ದಿಲ್ಲದೆ ಮಾಡಿಮುಗಿಸುತ್ತದೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿರಿಯರ ಕಾಲದ ಓಲೆಯ ಕಟ್ಟನ್ನು ಜಗುಲಿಯ ಮೇಲಿಟ್ಟು, ವಿಭೂತಿ ಧರಿಸಿ, ಪತ್ರಿ ಏರಿಸಿ ಪೂಜಿಸುವ ಮನೆಗಳುಂಟು. ಆ ಭಕ್ತಿಯು ಸ್ತುತ್ಯವೇ ಸರಿ. ಆದರೆ ಬಿಚ್ಚದ ಕಟ್ಟಿನೊಳಗೆ ಹುಳು ಓದುತ್ತದೆಯೇ ಹೊರತು ಮನುಷ್ಯನು ಓದುವುದಿಲ್ಲ. ಈಗಲಾದರೋ ಓಲೆಯನ್ನು ಮನೆಯಿಂದ ಕೊಟ್ಟುಬಿಡಬೇಕಾದ ಅಗತ್ಯವೂ ಇಲ್ಲ. ಗರಿಗರಿಯಾಗಿ ಛಾಯಾಚಿತ್ರ ತೆಗೆದು, ಕಟ್ಟನ್ನು ಜಗುಲಿಗೆ ಮರಳಿ ಏರಿಸಬಹುದು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಶಿಷ್ಯವರ್ಗದವರು ತಮ್ಮ ತಮ್ಮ ಮನೆಯ ಕಟ್ಟುಗಳನ್ನು ಒಂದು ಸೋಮವಾರ ಬಿಚ್ಚಿ, ಧೂಳೊರಸಿ, ಬಲ್ಲವರಿಂದ ಹೆಸರು ಓದಿಸಿ, ಪ್ರತಿ ಮಾಡಿಸಲಿ. ಶಾಂತಿಯ ದಿನಗಳು ಇರುವುದೇ ಈ ಕೆಲಸಕ್ಕಾಗಿ. ದಂಡು ಊರ ಬಾಗಿಲಿಗೆ ಬಂದ ಮೇಲೆ ಪ್ರತಿ ಮಾಡಲು ಹೊತ್ತಿರುವುದಿಲ್ಲ.