ಬಂಡೆ ಕೊರೆದ ಕಥೆ



ನಿಮ್ಮ ಊರಿನ ಹಿರಿಯರನ್ನು ಒಂದು ಮಾತು ಕೇಳಿ: ‘ನಮ್ಮೂರಲ್ಲಿ ಮೊದಲ ಬೋರ್ ಕೊರೆಸಿದ್ದು ಯಾವಾಗ? ಎಷ್ಟು ಅಡಿಗೆ ನೀರು ಬಂತು?’ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಭೂಮಿಯಲ್ಲಿ ಕಿರಿದಾದ, ಆಳವಾದ ರಂಧ್ರ ಕೊರೆಯುವ ವಿದ್ಯೆ ಬಹಳ ಹಳೆಯದು. ಚೀನಾದ ಸಿಚುವಾನ್ ಪ್ರಾಂತದ ಜನ ಉಪ್ಪುನೀರಿಗಾಗಿ ಭಾರವಾದ ಕಬ್ಬಿಣದ ಉಳಿಯನ್ನು ಮತ್ತೆ ಮತ್ತೆ ಎತ್ತಿ ಬೀಳಿಸಿ ಬಂಡೆ ಒಡೆಯುತ್ತಿದ್ದರು. ಅಲ್ಲಿಯ ಜಿಗಾಂಗ್‌ನ ಒಂದು ಬಾವಿ 1835ರಲ್ಲಿ ಸಾವಿರ ಮೀಟರ್ ಆಳ ಮುಟ್ಟಿತು. ಆದರೆ ಇಂಥ ಕೆಲಸಕ್ಕೆ ವರ್ಷಗಳೇ ಹಿಡಿಯುತ್ತಿದ್ದವು.

ಬರಗಾಲದಲ್ಲಿ ಅಷ್ಟು ಕಾಯಲಾದೀತೇ? 1966-67ರಲ್ಲಿ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದಲ್ಲಿ ಮಳೆ ಕೈಕೊಟ್ಟು, ತೆರೆದ ಬಾವಿಗಳು ಬತ್ತಿದವು. ಆಗ ಯುನಿಸೆಫ್ ಗಟ್ಟಿಶಿಲೆ ಕೊರೆಯುವ ಯಂತ್ರಗಳನ್ನು ವಿಮಾನದಲ್ಲಿ ತರಿಸಿತು. ಇವುಗಳಲ್ಲಿಯೂ ಬಂಡೆಯನ್ನು ಬಡಿದೇ ಒಡೆಯುವುದು. ವ್ಯತ್ಯಾಸವೆಂದರೆ, ಕಂಪ್ರೆಸರ್‌ನಿಂದ ಬರುವ ಗಾಳಿ ರಂಧ್ರದ ತಳದಲ್ಲಿರುವ ಸುತ್ತಿಗೆಯನ್ನು ಬಿರುಸಾಗಿ ಬಡಿಸುತ್ತದೆ. ಅದೇ ಗಾಳಿ ಬಂಡೆಯ ಪುಡಿಯನ್ನು ಮೇಲಕ್ಕೆ ಹೊತ್ತು ತರುತ್ತದೆ. ವಾರಗಟ್ಟಲೆಯ ಕೆಲಸ ಒಂದೆರಡು ದಿನಕ್ಕೆ ಇಳಿಯಿತು.

ಕೊರೆದರೆ ಸಾಲದು, ನೀರು ಎತ್ತಬೇಕು. ಒಂದು ಮನೆಗಾಗಿ ತಯಾರಾದ ಎರಕದ ಕಬ್ಬಿಣದ ಪಂಪುಗಳು ಇಡೀ ಊರಿನ ಬಳಕೆಗೆ ತಾಳದೆ ಕೆಟ್ಟು ನಿಲ್ಲುತ್ತಿದ್ದವು. ಸೊಲ್ಲಾಪುರದಲ್ಲಿ ರೂಪುಗೊಂಡ ಗಟ್ಟಿಮುಟ್ಟಾದ ಪಂಪನ್ನು ಸುಧಾರಿಸಿ, 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ಕೈಪಂಪನ್ನು ಸಿದ್ಧಪಡಿಸಲಾಯಿತು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಿಂದ ಹರಡುತ್ತಿದ್ದ ನಾರುಹುಣ್ಣು ಕರ್ನಾಟಕದ ಹಳ್ಳಿಗಳನ್ನೂ ಕಾಡಿತ್ತು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಿತವಾದುದರಲ್ಲಿ ಕೊಳವೆ ಬಾವಿಯ ಪಾಲೂ ಇದೆ.

ಹಾಗಾದರೆ ತೊಡಕು ಎಲ್ಲಿ? ನಮ್ಮ ರಾಜ್ಯದ ಬಹುಭಾಗ ಗಟ್ಟಿ ಬಂಡೆ. ನೆಲದಡಿ ನದಿ ಹರಿಯುವುದಿಲ್ಲ. ಶಿಥಿಲವಾದ ಕಲ್ಲಿನ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ನೀರು. ಬಿರುಕು ನಾಲ್ಕು ಅಡಿ ಆಚೆಗಿದ್ದರೂ ಬೋರ್ ಒಣಗಿಯೇ ಇರುತ್ತದೆ. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸಬೇಕು. ರಂಧ್ರ ಓರೆಯಾದರೆ ಮೋಟಾರು ಇಳಿಯದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಜಾಗ ಗುರುತಿಸುವವರಿದ್ದಾರೆ. ಅದಕ್ಕೆ ವಿಜ್ಞಾನದ ಆಧಾರವಿಲ್ಲ. ಭೂವಿಜ್ಞಾನಿಗಳು ನೆಲದ ವಿದ್ಯುತ್ ರೋಧವನ್ನು ಅಳೆದು ಬಿರುಕನ್ನು ಅಂದಾಜು ಮಾಡುತ್ತಾರೆ. ಅದೂ ಅಂದಾಜೇ.

ಚಿತ್ರೀಕರಣಕ್ಕೆಂದು ಕೋಲಾರದ ಕಡೆ ಹೋದಾಗ ಒಬ್ಬ ರೈತರು ಕೆಳಗಿಳಿಯುವ ಒಂದೊಂದು ರಾಡನ್ನೂ ಬೆರಳಲ್ಲಿ ಎಣಿಸುತ್ತಿದ್ದುದನ್ನು ಕಂಡೆ. ಕೂಲಿ ಅಡಿ ಲೆಕ್ಕದಲ್ಲಿ. ನೀರು ಬಂದರೂ ಅಷ್ಟೇ, ಬರೀ ಧೂಳು ಬಂದರೂ ಅಷ್ಟೇ. ಸಂಜೆಯವರೆಗೂ ಧೂಳೇ ಬಂತು. “ಕ್ಯಾಮೆರಾ ಸಾಕು ಸ್ವಾಮಿ” ಎಂದರು. ನಾವು ನಿಲ್ಲಿಸಿದೆವು.

ಕುಡಿಯುವ ನೀರಿಗೆಂದು ಬಂದ ಬೋರ್‌ಗೆ ವಿದ್ಯುತ್ ಮೋಟಾರು ಸೇರಿ ಹೊಲಗಳಿಗೂ ಹರಿಯಿತು. ಬಿರುಕಿಗೆ ಮಳೆನೀರು ಇಂಗುವ ವೇಗಕ್ಕಿಂತ ಎತ್ತುವ ವೇಗ ಹೆಚ್ಚಾಯಿತು. ಪಕ್ಕದ ತೆರೆದ ಬಾವಿ ಬತ್ತಿತು. ಕೋಲಾರದ ಕಡೆ ಸಾವಿರ ಅಡಿ ದಾಟಿ ಕೊರೆಸಿದವರಿದ್ದಾರೆ. ಹಲವೆಡೆ ಬಂಡೆಯ ಫ್ಲೋರೈಡ್ ನೀರಿನಲ್ಲಿ ಸೇರಿ ಹಲ್ಲು, ಮೂಳೆಗಳನ್ನು ಕೆಡಿಸಿತು. ಬತ್ತಿದ ಬೋರ್‌ಗಳನ್ನು ತೆರೆದೇ ಬಿಟ್ಟಿದ್ದರಿಂದ ಮಕ್ಕಳು ಬಿದ್ದು ಸತ್ತರು. ಅವುಗಳನ್ನು ಭದ್ರವಾಗಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಆದೇಶಿಸಿತು. ನಿಮ್ಮ ದಾರಿಯಲ್ಲಿ ತೆರೆದ ಬೋರ್ ಕಂಡರೆ ಅಂದೇ ಪಂಚಾಯಿತಿಗೆ ತಿಳಿಸಿ.

ಯಂತ್ರ ಒಂದು ದಿನದಲ್ಲಿ ತಲುಪುವ ಆಳಕ್ಕೆ ಮಳೆ ತಲುಪಲು ವರ್ಷಗಳು ಬೇಕಾಗಬಹುದು. ಕೆರೆಯ ಹೂಳೆತ್ತುವುದು, ಬದು ಕಟ್ಟುವುದು ಹಳೆಯ ಕಾಲದ ಕೆಲಸವಲ್ಲ. ಕೊಳವೆ ಬಾವಿಯ ಅರ್ಧ ಕೆಲಸವೇ ಅದು.

ಈಗ ನೋಟ್‌ಬುಕ್ ತೆಗೆಯಿರಿ. ಹಿರಿಯರು ಹೇಳಿದ ಅಡಿಯ ಪಕ್ಕದಲ್ಲಿ, ಈಚೆಗೆ ಕೊರೆಸಿದ ಬೋರ್‌ನ ಅಡಿಯನ್ನೂ ಬರೆಯಿರಿ. ನಿಮ್ಮ ಊರಿನ ಇತಿಹಾಸ ಆ ಎರಡು ಅಂಕಿಗಳ ನಡುವೆ ಇದೆ.